ಎರಡು ದಿನ, ಇಬ್ಬರು, ಬೈಕು: ಬೆಂಗಳೂರಿನಿಂದ ಯಾವ ಬೆಟ್ಟಕ್ಕೆ ಹೋಗೋದು?

ವಾರಾಂತ್ಯಕ್ಕೆ ಗೆಳೆಯನ ಜೊತೆ ಬೈಕಿನಲ್ಲಿ ಬೆಟ್ಟದ ಕಡೆ ಹೊರಡೋಣ ಎಂಬ ಮಾತು ಬಂದಾಗಲೆಲ್ಲ ಚರ್ಚೆ ಸಿಕ್ಕಿಹಾಕಿಕೊಳ್ಳುವುದು ಒಂದೇ ಕಡೆ: ಸಕಲೇಶಪುರವೋ, ಚಿಕ್ಕಮಗಳೂರೋ, ಮಡಿಕೇರಿಯೋ? ಒಬ್ಬರು ಊಟಿ ಅನ್ನುತ್ತಾರೆ, ಇನ್ನೊಬ್ಬರು ಅಷ್ಟು ದೂರ ಯಾಕೆ, ಮಾದಪ್ಪನ ಬೆಟ್ಟ (ಮಲೆ ಮಹದೇಶ್ವರ ಬೆಟ್ಟ) ಸಾಕು ಅನ್ನುತ್ತಾರೆ. ಶುಕ್ರವಾರ ರಾತ್ರಿಯವರೆಗೂ ಎಳೆದಾಡಿ, ಕೊನೆಗೆ ಯಾರೋ ಕಳಿಸಿದ ಫೋಟೊ ನೋಡಿ ಜಾಗ ಗೊತ್ತುಮಾಡುತ್ತಾರೆ. ಫೋಟೊದಲ್ಲಿ ಮಂಜು ಕಾಣುತ್ತದೆ. ಭಾನುವಾರ ರಾತ್ರಿ ಹತ್ತಕ್ಕೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಮಳೆಗೆ ನೆನೆಯುತ್ತಾ, ಬೆನ್ನು ಹಿಡಿದುಕೊಂಡು ನಿಲ್ಲಬೇಕಾಗುವುದು ಕಾಣುವುದಿಲ್ಲ.

ಆದ್ದರಿಂದ ಜಾಗದ ಹೆಸರು ಬದಿಗಿಟ್ಟು ಮೊದಲು ಅಳತೆಗೋಲು ಇಟ್ಟುಕೊಳ್ಳಿ. ನಮ್ಮ ಪ್ರಕಾರ ಮುಖ್ಯವಾದ ಅಳತೆ ಒಂದೇ. ಓಡಿಸುವ ಸಮಯವೆಲ್ಲ ಕಳೆದ ಮೇಲೆ ಬೆಟ್ಟದಲ್ಲಿ ಹಗಲು ಬೆಳಕಿನ ಎಷ್ಟು ಗಂಟೆ ಕೈಗೆ ಉಳಿಯುತ್ತದೆ? ಉಳಿದ ಲೆಕ್ಕವೆಲ್ಲ ಇದರ ಹಿಂದೆ ಬರುತ್ತದೆ.

ಗಂಟೆಯ ಲೆಕ್ಕ ಹೀಗೆ

ಮೊಬೈಲಿನ ನಕ್ಷೆ ತೋರಿಸುವ ಸಮಯ ಹೆಚ್ಚಾಗಿ ಕಾರಿನದು. ಬೈಕಿನಲ್ಲಿ ಇಬ್ಬರು ಕೂತು, 80–90 ಕಿ.ಮೀ.ಗೊಮ್ಮೆ ಹತ್ತು ನಿಮಿಷ ಇಳಿದು ಕಾಲಾಡಿಸಿಕೊಂಡು, ಒಂದು ತಿಂಡಿ, ಒಂದು ಪೆಟ್ರೋಲ್ ಬಂಕ್ ಎಂದರೆ ಆ ಸಮಯಕ್ಕೆ ಕಾಲು ಭಾಗ ಸೇರಿಸಬೇಕು. ನಾಲ್ಕು ಪಥದ ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿ ಸಿಗುತ್ತದೆ. ಸರ್ವಿಸ್ ರಸ್ತೆಯಲ್ಲಿ 35–40, ಘಾಟಿಯಲ್ಲಿ 25–30. ಇದಕ್ಕಿಂತ ಹೆಚ್ಚು ಹಿಡಿದು ಲೆಕ್ಕ ಹಾಕಿದರೆ ಕೊನೆಯ ಘಾಟಿಯನ್ನು ಕತ್ತಲಲ್ಲಿ ಹತ್ತಬೇಕಾಗುತ್ತದೆ.

ಭಾನುವಾರದ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಿ. ಸಂಜೆ ನಾಲ್ಕು, ಹೆಚ್ಚೆಂದರೆ ನಾಲ್ಕೂವರೆಯೊಳಗೆ ನೆಲಮಂಗಲ ದಾಟಿರಬೇಕು. ಅದು ತಪ್ಪಿದರೆ ಹಾಸನದ ಕಡೆಯಿಂದ ಬರುವವರು, ತುಮಕೂರಿನ ಕಡೆಯಿಂದ ಬರುವವರು ಎಲ್ಲ ಒಂದೇ ರಸ್ತೆಗೆ ಸುರಿದು, ಪೀಣ್ಯದವರೆಗಿನ ದಾರಿಗೇ ಒಂದೂವರೆ ಗಂಟೆ ಹೋಗುತ್ತದೆ. ಕನಕಪುರ ರಸ್ತೆಯವರಿಗೆ ತಲಘಟ್ಟಪುರ, ಮೈಸೂರು ರಸ್ತೆಯವರಿಗೆ ಕುಂಬಳಗೋಡು–ಕೆಂಗೇರಿ, ಹೊಸೂರು ರಸ್ತೆಯವರಿಗೆ ಅತ್ತಿಬೆಲೆಯಿಂದ ಸಿಲ್ಕ್ ಬೋರ್ಡ್ ಇದೇ ಪಾಡು.

ಶನಿವಾರ ಬೆಳಗಿನ ಜಾವ ಐದಕ್ಕೆ ಹೊರಟು, ಭಾನುವಾರ ಈ ಗಡುವಿಗೆ ಸರಿಯಾಗಿ ವಾಪಸ್ ಹೊರಟರೆ ಬೆಟ್ಟದಲ್ಲಿ ಉಳಿಯುವ ಹಗಲು ಅಂದಾಜು ಹೀಗಿದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ 13 ಗಂಟೆ. ಸಕಲೇಶಪುರ ಮತ್ತು ತಮಿಳುನಾಡಿನ ಏರ್ಕಾಡಿನಲ್ಲಿ 12. ಚಿಕ್ಕಮಗಳೂರಿನಲ್ಲಿ 11. ಮಡಿಕೇರಿಯಲ್ಲಿ 8. ಊಟಿಯಲ್ಲಿ ಐದು ಸಿಕ್ಕರೆ ಹೆಚ್ಚು. ಡಿಸೆಂಬರಿನಲ್ಲಿ ಸಂಜೆ ಆರಕ್ಕೇ ಕತ್ತಲಾಗುವುದರಿಂದ ಎಲ್ಲ ಕಡೆಯೂ ಇನ್ನಷ್ಟು ಕಳೆಯಿರಿ.

ಎರಡನೇ ಅಳತೆ, ನಿಮ್ಮ ಮನೆ ಬೆಂಗಳೂರಿನ ಯಾವ ಮೂಲೆಯಲ್ಲಿದೆ ಎಂಬುದು. ಇದನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ವೈಟ್‌ಫೀಲ್ಡಿನಲ್ಲಿರುವವರು ನೆಲಮಂಗಲ ತಲುಪುವಷ್ಟರಲ್ಲಿ ಎಲೆಕ್ಟ್ರಾನಿಕ್ ಸಿಟಿಯವರು ಕೃಷ್ಣಗಿರಿ ಸಮೀಪಿಸಿರುತ್ತಾರೆ. ರಾಜಾಜಿನಗರ, ಯಶವಂತಪುರ, ಯಲಹಂಕದವರಿಗೆ ಹಾಸನದ ದಾರಿ. ಜಯನಗರ, ಜೆ.ಪಿ.ನಗರ, ಬನಶಂಕರಿಯವರಿಗೆ ಕನಕಪುರ ರಸ್ತೆ. ಸರ್ಜಾಪುರ, ಎಚ್‌ಎಸ್‌ಆರ್ ಕಡೆಯವರಿಗೆ ಹೊಸೂರು ರಸ್ತೆ. ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿದ್ದರೆ ಊರೊಳಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಬೇಡಿ, ನೆಲಮಂಗಲ ದಾಟಿದ ಮೇಲೆ ಸಿಗುವ ಯಾವುದಾದರೂ ಬಂಕಿನಲ್ಲಿ ಸೇರಿ. ಊರ ಹೊರಗಿನಿಂದ ಬಳಸಿ ಹೋಗುವ ನೈಸ್ ಟೋಲ್ ರಸ್ತೆ ಹಿಡಿಯುವ ಯೋಚನೆಯಿದ್ದರೆ ನೆನಪಿರಲಿ: 2022ರ ಜನವರಿಯಿಂದ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಅಲ್ಲಿ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ. ನಾಲ್ಕೂವರೆಗೆ ಹೋಗಿ ಟೋಲಿನಲ್ಲಿ ನಿಂತರೆ ವಾಪಸ್ ಕಳಿಸುತ್ತಾರೆ.

ಉಳಿದವು ಗೊತ್ತಿರುವ ಅಳತೆಗಳೇ: ಖರ್ಚು, ಮಳೆ, ಘಾಟಿ ಓಡಿಸಿದ ಅಭ್ಯಾಸ ಎಷ್ಟಿದೆ, ಬೈಕು ಒಂದೋ ಎರಡೋ.

ಸಕಲೇಶಪುರ

ಸುಮಾರು 220 ಕಿ.ಮೀ. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ. ಎಲ್ಲವೂ ರಾಷ್ಟ್ರೀಯ ಹೆದ್ದಾರಿ 75ರ ಮೇಲೇ. ಬೈಕಿಗೆ ಟೋಲ್ ಇಲ್ಲ, ಎಡಗಡೆಯ ಪುಟ್ಟ ಸಂದಿನಲ್ಲಿ ಹೋಗಬಹುದು. ಆ ಸಂದಿನಲ್ಲಿ ಮರಳು, ಆಯಿಲ್ ಬಿದ್ದಿರುತ್ತದೆ, ಅಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಬೇಡಿ. ಈ ದಾರಿಗೆ ಇನ್ನೊಂದು ಅನುಕೂಲವಿದೆ. ಬೆಳಗ್ಗೆ ಪಶ್ಚಿಮಕ್ಕೆ ಹೋಗುತ್ತೀರಿ, ಸಂಜೆ ಪೂರ್ವಕ್ಕೆ ಬರುತ್ತೀರಿ, ಎರಡೂ ಸಲ ಸೂರ್ಯ ಬೆನ್ನಿಗಿರುತ್ತಾನೆ. ಆದರೆ ಎದುರಿನಿಂದ ಬರುವವರ ಕಣ್ಣಿಗೆ ಅದೇ ಬಿಸಿಲು ಚುಚ್ಚುತ್ತಿರುತ್ತದೆ, ನೀವು ಅವರಿಗೆ ಸರಿಯಾಗಿ ಕಾಣುವುದಿಲ್ಲ. ಊರುಗಳ ಬಳಿ ಡಿವೈಡರ್ ಸಂದಿನಿಂದ ತಿರುಗುವ ಗಾಡಿಗಳನ್ನು ನಂಬಬೇಡಿ.

ಹಾಸನದಿಂದ 40 ಕಿ.ಮೀ. ಮುಂದೆ ಸಕಲೇಶಪುರ. ಈ ಪಟ್ಟಿಯಲ್ಲಿ ಘಾಟಿ ಓಡಿಸುವ ಅಭ್ಯಾಸ ಬೇಡದ ಊರು ಇದೊಂದೇ. ಹೆದ್ದಾರಿ ನಿಮ್ಮನ್ನು ಮೆಲ್ಲಗೆ ಮಲೆನಾಡಿಗೆ ಏರಿಸಿಬಿಡುತ್ತದೆ, ಹೇರ್‌ಪಿನ್ ತಿರುವು ಒಂದೂ ಇಲ್ಲ. ಅಲ್ಲಿಂದ ಆಚೆಗಿನ ಶಿರಾಡಿ ಘಾಟಿಗೆ ಬೈಕಿನಲ್ಲಿ ಇಳಿಯುವ ಅಗತ್ಯವೂ ಇಲ್ಲ. ಅದು ಮಂಗಳೂರು ಬಂದರಿನ ಟ್ಯಾಂಕರ್, ಲಾರಿಗಳ ದಾರಿ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಮಳೆಗಾಲದಲ್ಲಿ ಶಿರಾಡಿ ಮುಚ್ಚಿದರೆ ಸಕಲೇಶಪುರದ ಆಚೀಚೆ ಲಾರಿಗಳು ಸಾಲಾಗಿ ನಿಲ್ಲುತ್ತವೆ, ಆದರೂ ಬೆಂಗಳೂರಿನಿಂದ ಬಂದವರ ವಾಪಸ್ ದಾರಿ ಕಟ್ಟುವುದಿಲ್ಲ. ಮಳೆಗಾಲಕ್ಕೆ ಇದನ್ನು ಮುಂದೆ ಇಡಲು ಇದೂ ಒಂದು ಕಾರಣ.

ನೋಡುವುದಕ್ಕೆ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಹೆದ್ದಾರಿಯ ಪಕ್ಕದಲ್ಲೇ ಇದೆ. ನಿಜವಾದ ಸವಾರಿ ಬೇಕೆಂದರೆ ಬಿಸಿಲೆ ಕಡೆ ಹೋಗಿ. ಪಟ್ಟಣದಿಂದ 50 ಕಿ.ಮೀ. ಮೀರುತ್ತದೆ, ಹೋಗಿಬರಲು ಅರ್ಧ ದಿನ ಬೇಕು. ವೀಕ್ಷಣಾ ಸ್ಥಳದಲ್ಲಿ ನಿಂತರೆ ಕುಮಾರ ಪರ್ವತ, ಏಣಿಕಲ್ಲು ಬೆಟ್ಟ, ದೊಡ್ಡಬೆಟ್ಟ ಎದುರಿಗೆ ಕಾಣುತ್ತವೆ. ಟ್ಯಾಂಕನ್ನು ಸಕಲೇಶಪುರದಲ್ಲೇ ಫುಲ್ ಮಾಡಿಸಿ ಹೊರಡಿ, ದಾರಿಯಲ್ಲಿ ಸಿಗುತ್ತದೆ ಎಂದುಕೊಳ್ಳಬೇಡಿ. ಸಂಜೆ ಐದೂವರೆಯೊಳಗೆ ತಂಗುವ ಮನೆ ಸೇರಿರಬೇಕು. ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳು ಓಡಾಡುತ್ತವೆ. ಮುಸ್ಸಂಜೆ ತಿರುವಿನಾಚೆ ಆನೆ ನಿಂತಿದ್ದರೆ ಬೈಕಿನವರಿಗೆ ತಿರುಗಿಸಿಕೊಳ್ಳಲು ಜಾಗವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಹೋಮ್‌ಸ್ಟೇಯವರು ‘ಸಂಜೆ ಮೇಲೆ ಹೊರಗೆ ಹೋಗಬೇಡಿ’ ಎಂದರೆ ಅದನ್ನು ಕೇಳಲೇಬೇಕು.

ಹೋಮ್‌ಸ್ಟೇಗೆ ಊಟ ಸೇರಿ ತಲೆಗೆ ₹1,500ರಿಂದ 2,200 ಎಂದು ಇಟ್ಟುಕೊಳ್ಳಿ. ಪಟ್ಟಣದ ಲಾಡ್ಜಿನಲ್ಲಿ ಉಳಿದು ಹೊರಗೆ ಉಂಡರೆ ಇಬ್ಬರಿಗೆ ಅದರ ಅರ್ಧಕ್ಕೂ ಸ್ವಲ್ಪ ಹೆಚ್ಚಿಗೆ ಮುಗಿಯುತ್ತದೆ.

ಚಿಕ್ಕಮಗಳೂರು

245 ಕಿ.ಮೀ. ಹಾಸನದವರೆಗೆ ಅದೇ ದಾರಿ, ಅಲ್ಲಿಂದ ಬೇಲೂರು 40, ಮುಂದೆ 25. ಸಕಲೇಶಪುರಕ್ಕಿಂತ ಒಂದು ಗಂಟೆಯಷ್ಟೇ ಕಡಿಮೆ ಸಿಗುತ್ತದೆ, ಬದಲಿಗೆ ರಾಜ್ಯದಲ್ಲೇ ಎತ್ತರದ ಬೆಟ್ಟ. ಮುಳ್ಳಯ್ಯನಗಿರಿ 1,930 ಮೀಟರ್. ದಾರಿಯಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಒಂದು ಗಂಟೆ ಕೊಡಬಹುದು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳಲ್ಲಿ ಇದೂ ಒಂದು. ಹಳೇಬೀಡು 16 ಕಿ.ಮೀ. ಬಳಸು, ಎರಡು ದಿನದ ಪ್ರವಾಸದಲ್ಲಿ ಅದನ್ನು ಬಿಟ್ಟುಬಿಡಿ.

ತೊಂದರೆ ಇರುವುದು ಮುಳ್ಳಯ್ಯನಗಿರಿಯಲ್ಲೇ. ವಾಹನ ದಟ್ಟಣೆಯಿಂದಾಗಿ ಜಿಲ್ಲಾಡಳಿತ ಈಗ ಗಿರಿಗೆ ಆನ್‌ಲೈನ್ ನೋಂದಣಿ ಮಾಡಿಸಿ, ಬೆಳಗಿನ ಮತ್ತು ಮಧ್ಯಾಹ್ನದ ಸರದಿಗೆ ಇಷ್ಟೇ ವಾಹನ ಎಂದು ಮಿತಿ ಹಾಕಿದೆ. ನೋಂದಣಿ ಇಲ್ಲದೆ ಹೋದರೆ ಕೈಮರ ಚೆಕ್‌ಪೋಸ್ಟಿನಿಂದಲೇ ವಾಪಸ್. ಹೋಮ್‌ಸ್ಟೇ ಗೊತ್ತುಮಾಡುವ ಮೊದಲು ಈ ಸರದಿ ಗೊತ್ತುಮಾಡಿ. ಭಾನುವಾರ ಬೆಳಗಿನ ಸರದಿ ಸಿಕ್ಕರೆ ಒಳ್ಳೆಯದು, ಮೊದಲ ಗುಂಪಿನಲ್ಲೇ ಹತ್ತಿ ಹತ್ತೂವರೆಗೆ ಬೆಂಗಳೂರಿನ ದಾರಿ ಹಿಡಿಯಬಹುದು. ಶನಿವಾರ ಮಧ್ಯಾಹ್ನದ ಸರದಿಯಾದರೆ ಕಾರುಗಳ ಸಾಲಿನ ಹಿಂದೆ ಮೊದಲ ಗೇರಿನಲ್ಲಿ ತೆವಳಬೇಕಾಗುತ್ತದೆ. ಕೊನೆಯ ಭಾಗ ಕಿರಿದು, ಕಡಿದು, ಒಂದು ಪಕ್ಕ ಪ್ರಪಾತ. ಕ್ಲಚ್ ಅರ್ಧ ಹಿಡಿದು ನಿಲ್ಲಿಸಿ ನಿಲ್ಲಿಸಿ ಹತ್ತಿದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಂಜಿನ್ ಕೂಗುತ್ತದೆ, ಬೈಕು ಎಳೆಯುವುದಿಲ್ಲ. ಮುಂದಿನ ಗಾಡಿ ಪೂರ್ತಿ ದೂರ ಸರಿಯುವವರೆಗೆ ಬ್ರೇಕ್ ಹಿಡಿದು ನ್ಯೂಟ್ರಲ್‌ನಲ್ಲಿ ನಿಂತು, ಆಮೇಲೆ ಒಂದೇ ಸಲಕ್ಕೆ ಹತ್ತಬೇಕು. 100–110 ಸಿಸಿ ಬೈಕಿನಲ್ಲಿ ಇಬ್ಬರೂ ದಢೂತಿಯಾದರೆ ಹಿಂದಿನವರು ಎರಡು ಮೂರು ಕಡೆ ಇಳಿದು ನಡೆಯಬೇಕಾಗಬಹುದು.

ಗಿರಿಗೆ ಸರದಿ ಸಿಗದಿದ್ದರೆ ಚಿಕ್ಕಮಗಳೂರು ಬರಿದಾಗುವುದಿಲ್ಲ. ಹಿರೇಕೊಳಲೆ ಕೆರೆ ಹತ್ತಿರದಲ್ಲೇ ಇದೆ. ಮೂಡಿಗೆರೆ, ಕೊಟ್ಟಿಗೆಹಾರದ ಕಡೆಗೆ ತೋಟಗಳ ನಡುವಿನ ರಸ್ತೆ ಬೈಕಿಗೆ ಹೇಳಿ ಮಾಡಿಸಿದ್ದು. ಮಾರ್ಚ್–ಏಪ್ರಿಲಿನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಹೂ ಅರಳಿದಾಗ ಬೇರೇನೂ ನೋಡಬೇಕಾಗಿಯೇ ಇಲ್ಲ, ಗಿಡವೆಲ್ಲ ಬೆಳ್ಳಗೆ, ದಾರಿಯುದ್ದಕ್ಕೂ ಮಲ್ಲಿಗೆಯ ಘಮ. ಅರಳಿದ್ದು ಕೆಲವೇ ದಿನ ಇರುತ್ತದೆ, ಹೋಮ್‌ಸ್ಟೇಗೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ತಂಗುವುದಕ್ಕೆ ಸಕಲೇಶಪುರಕ್ಕಿಂತ ತಲೆಗೆ ಮುನ್ನೂರು ನಾನೂರು ಹೆಚ್ಚು, ಉದ್ದದ ರಜೆ ಬಂದರೆ ಇನ್ನೂ ಹೆಚ್ಚು.

ಮಡಿಕೇರಿ

ಇಲ್ಲಿ ಬೈಕಿನವರ ಲೆಕ್ಕ ಕಾರಿನವರ ಲೆಕ್ಕಕ್ಕಿಂತ ಪೂರಾ ಬೇರೆ. ಬೆಂಗಳೂರು–ಮೈಸೂರು ದಶಪಥದ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಹೋಗುವಂತಿಲ್ಲ. ಕಾರಿನವರು ಒಂದೂವರೆ ಗಂಟೆಯಲ್ಲಿ ಮೈಸೂರು ಎನ್ನುವಾಗ ನಿಮಗೆ ಸರ್ವಿಸ್ ರಸ್ತೆ ಮತ್ತು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಪೇಟೆಗಳ ಹಳೇ ರಸ್ತೆ. ಮೂರು, ಮೂರೂವರೆ ಗಂಟೆ ಖಂಡಿತ. ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವ ಬೈಕು, ಹಳ್ಳಿ ಅಡ್ಡರಸ್ತೆಯಿಂದ ನುಗ್ಗುವ ಟ್ರ್ಯಾಕ್ಟರ್, ಮಳೆ ಬಂದಾಗ ಅಂಡರ್‌ಪಾಸಿನಲ್ಲಿ ನಿಲ್ಲುವ ನೀರು, ಎಲ್ಲವನ್ನೂ ನೋಡಿಕೊಂಡೇ ಓಡಿಸಬೇಕು. ಬಿಡದಿಯ ತಟ್ಟೆ ಇಡ್ಲಿಯೋ ಮದ್ದೂರು ವಡೆಯೋ ತಿಂದುಕೊಂಡು ಹೋಗುವ ಸುಖ ಬೇಕಿದ್ದವರಿಗೆ ಮಾತ್ರ ಈ ದಾರಿ.

ಇನ್ನೊಂದು ದಾರಿ: ಹಾಸನದ ಹೆದ್ದಾರಿಯಲ್ಲೇ ಚನ್ನರಾಯಪಟ್ಟಣದವರೆಗೆ ಹೋಗಿ ಎಡಕ್ಕೆ ಹೊಳೆನರಸೀಪುರ, ಅರಕಲಗೂಡು, ಕೊಣನೂರು, ಕುಶಾಲನಗರ. ದೂರ ಹೆಚ್ಚುಕಮ್ಮಿ ಅಷ್ಟೇ, ಮೈಸೂರಿನ ಮೂಲಕ ಹೋದರೂ 265 ಕಿ.ಮೀ. ಆಸುಪಾಸು. ಆದರೆ ಮೊದಲ 145 ಕಿ.ಮೀ. ನಿಲ್ಲದೆ ಸಾಗುತ್ತದೆ. ಕೊಡಗಿಗೆ ಬೈಕಿನಲ್ಲಿ ಹೋಗುವವರಿಗೆ ನಮ್ಮ ಆಯ್ಕೆ ಇದೇ. ಒಂದು ಎಚ್ಚರಿಕೆ ಬೇಕು. ಸುಗ್ಗಿಯಲ್ಲಿ, ಅಂದರೆ ನವೆಂಬರ್ ಕೊನೆಯಿಂದ ಜನವರಿವರೆಗೆ, ಈ ಭಾಗದ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿ ಗಾಡಿಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಒಣ ಹುಲ್ಲಿನ ಮೇಲೆ ಟೈರಿಗೆ ಹಿಡಿತ ಸಿಗುವುದೇ ಇಲ್ಲ, ಕೆಳಗೆ ಕಾಳು ಬೇರೆ ಉರುಳುತ್ತಿರುತ್ತದೆ. ದೂರದಿಂದಲೇ ವೇಗ ಇಳಿಸಿ, ಎರಡನೇ ಗೇರಿಗೆ ಹಾಕಿ, ಹ್ಯಾಂಡಲ್ ನೆಟ್ಟಗೆ ಹಿಡಿದು, ಬ್ರೇಕ್ ಮುಟ್ಟದೆ ದಾಟಿ. ದಾಟಿದ ಮೇಲೆ ನಿಲ್ಲಿಸಿ ಚೈನು ಮತ್ತು ಹಿಂದಿನ ಚಕ್ರದ ಆಕ್ಸಲಿಗೆ ಹುರುಳಿ ಬಳ್ಳಿ ಸುತ್ತಿಕೊಂಡಿದೆಯೇ ನೋಡಿ, ಸೈಲೆನ್ಸರಿಗೆ ತಗುಲಿದ ಹುಲ್ಲು ಕಿತ್ತುಹಾಕಿ. ಬಿಸಿಗೆ ಅದು ಹೊತ್ತಿಕೊಳ್ಳಬಹುದು.

ಇಷ್ಟೆಲ್ಲ ಆಗಿ ಮಡಿಕೇರಿ ತಲುಪುವುದು ಮಧ್ಯಾಹ್ನ ಹನ್ನೆರಡೂವರೆ. ಭಾನುವಾರ ಒಂಬತ್ತಕ್ಕೆ ಬಿಡಬೇಕು. ತಲಕಾವೇರಿ ಮಡಿಕೇರಿಯಿಂದ 45 ಕಿ.ಮೀ., ಅದೊಂದಕ್ಕೇ ಶನಿವಾರದ ಸಂಜೆ ಮುಗಿಯುತ್ತದೆ. ಮಾಂದಲಪಟ್ಟಿಗೆ ಕೊನೆಯ ಭಾಗ ಜೀಪಿನಲ್ಲೇ ಹೋಗಬೇಕು, ಅದರ ಬಾಡಿಗೆ ಬೇರೆ. ಕೊಡಗಿಗೆ ಮೂರು ದಿನ ಕೊಡಿ. ಸೋಮವಾರ ರಜೆ ಇದ್ದ ವಾರಕ್ಕೆ ಎತ್ತಿಡಿ. ಎರಡೇ ದಿನದಲ್ಲಿ ಹೋಗಲೇಬೇಕೆಂದರೆ ಕುಶಾಲನಗರದಲ್ಲೇ ತಂಗಿ. ಹೋಗುವಾಗ ಬರುವಾಗ ಒಂದೊಂದು ಗಂಟೆ ಉಳಿಯುತ್ತದೆ, ಬೈಲಕುಪ್ಪೆಯ ಟಿಬೆಟನ್ ದೇವಾಲಯ ಪಕ್ಕದಲ್ಲಿದೆ, ಮಡಿಕೇರಿಯನ್ನು ಸಂಜೆ ಹೋಗಿ ನೋಡಿ ಬರಬಹುದು.

ಮಲೆ ಮಹದೇಶ್ವರ ಬೆಟ್ಟ

ಕೈಯಲ್ಲಿ ದುಡ್ಡು ಕಡಿಮೆ, ಬೈಕು ಚಿಕ್ಕದು, ಮನೆ ದಕ್ಷಿಣ ಬೆಂಗಳೂರು ಎಂದರೆ ಇದನ್ನು ಬಿಟ್ಟು ಬೇರೆ ನೋಡಬೇಡಿ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಹನೂರು. ಒಟ್ಟು 210 ಕಿ.ಮೀ. ತಾಳಬೆಟ್ಟದಿಂದ ಮೇಲಕ್ಕೆ 27 ಹೇರ್‌ಪಿನ್ ತಿರುವು. ಘಾಟಿ ಕಲಿಯಲು ಒಳ್ಳೆಯ ರಸ್ತೆ, ಆದರೆ ಬಸ್ಸುಗಳ ರಸ್ತೆ. ಬಸ್ಸು ತಿರುವಿನಲ್ಲಿ ಪೂರ್ತಿ ರಸ್ತೆ ತೆಗೆದುಕೊಳ್ಳುತ್ತದೆ, ಅದರ ಒಳಪಕ್ಕಕ್ಕೆ ನುಗ್ಗಬೇಡಿ. ಕಡಿದಾದ ರಸ್ತೆಯಲ್ಲಿ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ, ನೀವು ಇಳಿಯುವಾಗ ಪಾಲಿಸಿ.

ಕಾಫಿ ತೋಟ, ಮಂಜು ಇಲ್ಲಿಲ್ಲ. ಒಣ ಕಾಡು, ಉದ್ದಕ್ಕೆ ಚಾಚಿದ ಬೆಟ್ಟದ ಸಾಲು, ಮಾದಪ್ಪನ ಸನ್ನಿಧಿ, ದಾಸೋಹದ ಊಟ. ಕ್ಷೇತ್ರದ ವಸತಿಗೃಹಗಳು ಅಗ್ಗ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗೆ ಜಾತ್ರೆಯ ಜನ, ಆಗ ಕೋಣೆಯೂ ಸಿಗುವುದಿಲ್ಲ, ರಸ್ತೆಯೂ ಸಿಗುವುದಿಲ್ಲ. ಪಂಚಾಂಗ ನೋಡಿ ಹೊರಡಿ. ಬರುವಾಗ ಶಿವನಸಮುದ್ರಕ್ಕೆ ತಿರುಗಿ. ಮುಂಗಾರಿನಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ಗಗನಚುಕ್ಕಿ, ಭರಚುಕ್ಕಿ ತುಂಬಿ ಬೀಳುತ್ತವೆ.

ಏರ್ಕಾಡು ಮತ್ತು ಊಟಿ

ಏರ್ಕಾಡು ಸುಮಾರು 230 ಕಿ.ಮೀ. ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ. ಅಲ್ಲಿಂದ 20 ಹೇರ್‌ಪಿನ್ ಹತ್ತಿದರೆ 1,500 ಮೀಟರ್ ಎತ್ತರ. ಬೆಂಗಳೂರಿನ ಪೂರ್ವ, ಆಗ್ನೇಯ ಮೂಲೆಯವರು ಸಕಲೇಶಪುರದ ಬದಲು ಇದನ್ನೇ ನೋಡಬೇಕು. ಅಪಾಯದ ಜಾಗ ಒಂದಿದೆ: ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಇಳಿಜಾರು. ಬ್ರೇಕ್ ಬಿಸಿಯಾದ ಲಾರಿಗಳು ಅಲ್ಲಿ ಹಿಡಿತ ತಪ್ಪಿ ಅನೇಕ ಅಪಘಾತಗಳಾಗಿವೆ. ಎಡ ಪಥದಲ್ಲಿ, ಲಾರಿಯ ಮುಂದೆಯೂ ಬೀಳದೆ ಪಕ್ಕದಲ್ಲೂ ಓಡದೆ ಇಳಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಸೇಲಂ ಬಯಲಿನ ಬಿಸಿಲು ತಡೆಯುವುದು ಕಷ್ಟ, ಹತ್ತು ಗಂಟೆಯೊಳಗೆ ಬೆಟ್ಟದ ಬುಡ ಸೇರಿ.

ಊಟಿಯ ಬಗ್ಗೆ ಚುಟುಕಾಗಿ ಹೇಳುತ್ತೇವೆ. ಎರಡು ದಿನಕ್ಕೆ ಬೇಡ. ಮೈಸೂರಿನವರೆಗೆ ಅದೇ ಸರ್ವಿಸ್ ರಸ್ತೆ, ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್, 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಕಡ್ಡಾಯ. ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವುಗಳನ್ನು ಹತ್ತಬೇಕೆಂಬ ಆಸೆ ಎಲ್ಲ ಬೈಕಿನವರಿಗೂ ಇರುತ್ತದೆ. ಅದಕ್ಕೆ ಮೂರು ದಿನ, ಘಾಟಿಯ ಅಭ್ಯಾಸ, ಒಳ್ಳೆಯ ಬ್ರೇಕ್ ಬೇಕು. ಬಂಡೀಪುರದೊಳಗೆ ಫೋಟೊಗಾಗಿ ಬೈಕು ನಿಲ್ಲಿಸುವಂತಿಲ್ಲ.

ಖರ್ಚು

ಊರೊಳಗಿನ ಓಡಾಟ ಸೇರಿಸಿದರೆ ಮಾದಪ್ಪನ ಬೆಟ್ಟಕ್ಕೆ 440, ಏರ್ಕಾಡಿಗೆ 520, ಸಕಲೇಶಪುರಕ್ಕೆ 540, ಚಿಕ್ಕಮಗಳೂರಿಗೆ 580, ಮಡಿಕೇರಿಗೆ 640 ಕಿ.ಮೀ. ಆಗುತ್ತದೆ. ಲೀಟರಿಗೆ ₹103ರ ಲೆಕ್ಕದಲ್ಲಿ, 35 ಕಿ.ಮೀ. ಮೈಲೇಜಿನ 350 ಸಿಸಿ ಬೈಕಿಗೆ ಚಿಕ್ಕಮಗಳೂರಿಗೆ ಸುಮಾರು ₹1,700, ಮಾದಪ್ಪನ ಬೆಟ್ಟಕ್ಕೆ ₹1,300. ಇಬ್ಬರು ಕೂತರೂ 50 ಕೊಡುವ 110 ಸಿಸಿಯಲ್ಲಿ ಅದೇ ಚಿಕ್ಕಮಗಳೂರು ₹1,200ಕ್ಕೆ ಮುಗಿಯುತ್ತದೆ. ಊರು ಬದಲಾಯಿಸಿದರೆ ಪೆಟ್ರೋಲಿನಲ್ಲಿ ಉಳಿಯುವುದು ನಾನೂರು ಐನೂರು. ಹೋಮ್‌ಸ್ಟೇ ಬದಲು ಲಾಡ್ಜ್ ಹಿಡಿದರೆ ಉಳಿಯುವುದು ಅದರ ಮೂರರಷ್ಟು. ದುಡ್ಡಿನ ಚಿಂತೆಯಿದ್ದರೆ ತಂಗುವ ಜಾಗದಲ್ಲಿ ಹಿಡಿತ ಮಾಡಿ, ಬೈಕಿನ ಸರ್ವೀಸಿನಲ್ಲಿ ಬೇಡ.

ಬಾಡಿಗೆ ಬೈಕಾದರೆ 350 ಸಿಸಿಗೆ ವಾರಾಂತ್ಯದಲ್ಲಿ ದಿನಕ್ಕೆ ₹1,200–1,800 ಸೇರಿಸಿ. ನಂಬರ್ ಪ್ಲೇಟ್ ಕಪ್ಪಾಗಿದ್ದು ಅಕ್ಷರ ಹಳದಿ ಇರಬೇಕು. ಬಿಳಿ ಪ್ಲೇಟಿನ ಸ್ವಂತ ಬೈಕನ್ನು ಬಾಡಿಗೆಗೆ ಕೊಟ್ಟರೆ ಅಪಘಾತವಾದಾಗ ವಿಮೆಯ ಹಣ ಸಿಗುವುದು ಕಷ್ಟ. ದಿನಕ್ಕೆ ಇಷ್ಟು ಕಿ.ಮೀ. ಎಂಬ ಮಿತಿ, ರಾಜ್ಯದಾಚೆ ಒಯ್ಯಲು ಅನುಮತಿ, ಎರಡನ್ನೂ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಹೊರಡುವ ಮುನ್ನ ಟೈರು, ಗೀರು, ಮೀಟರ್ ಎಲ್ಲ ಕಾಣುವಂತೆ ವಿಡಿಯೊ ಮಾಡಿಕೊಳ್ಳಿ.

ಒಂದು ಬೈಕೋ, ಎರಡೋ?

ಇಬ್ಬರಿಗೂ ಲೈಸೆನ್ಸ್ ಇದ್ದು, ಬೈಕು 150 ಸಿಸಿಗೆ ಮೇಲ್ಪಟ್ಟದ್ದಾದರೆ ಒಂದೇ ಬೈಕು ಸಾಕು ಎಂಬುದು ನಮ್ಮ ಮಾತು. ಖರ್ಚು ಅರ್ಧ, ನೂರು ಕಿ.ಮೀ.ಗೊಮ್ಮೆ ಕೈ ಬದಲಾಯಿಸಬಹುದು, ಒಬ್ಬರಿಗೊಬ್ಬರು ಕಾದು ನಿಲ್ಲುವ ರಗಳೆಯಿಲ್ಲ. ಬಿಟ್ಟುಕೊಡಬೇಕಾದ್ದು ಸಾಮಾನಿನ ಜಾಗ ಮತ್ತು ಬ್ರೇಕಿನ ಅಂತರ. ತೂಕ ಹೆಚ್ಚಾದಷ್ಟೂ ನಿಲ್ಲಲು ಹೆಚ್ಚು ದೂರ ಬೇಕು. ಹಿಂದಿನ ಟೈರಿಗೆ ಒಬ್ಬರೇ ಕೂರುವಾಗಿಗಿಂತ 3–4 ಪಿಎಸ್‌ಐ ಗಾಳಿ ಹೆಚ್ಚು ಹಾಕಿಸಿ. ಸರಿಯಾದ ಅಂಕಿ ಚೈನ್ ಕವರಿನ ಮೇಲೋ ಸ್ವಿಂಗ್ ಆರ್ಮ್ ಮೇಲೋ ಅಂಟಿಸಿರುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರನ್ನು ಎರಡು ಮೆಟ್ಟಿಲು ಗಟ್ಟಿ ಮಾಡಿಸಿ. ಹಿಂದೆ ಭಾರವಾದಾಗ ಹೆಡ್‌ಲೈಟ್ ಮೇಲಕ್ಕೆ ಹೊಡೆಯುತ್ತದೆ, ಅದನ್ನೂ ಇಳಿಸಿ. ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು 200 ಕಿ.ಮೀ. ಕೂತರೆ ಹೆಗಲು ಸೋಲುತ್ತದೆ, ಎರಡೂ ಪಕ್ಕಕ್ಕೆ ಸಮತೂಕವಾಗಿ ಇಳಿಬಿಡುವ ಚೀಲ ಒಳ್ಳೆಯದು. ಸೈಲೆನ್ಸರ್ ಕಡೆಯ ಚೀಲ ಅದಕ್ಕೆ ತಾಗದಂತೆ ನಾಲ್ಕು ಬೆರಳು ಅಂತರ ಇರಲಿ. ಹಿಂದೆ ಕೂತವರು ತಿರುವಿನಲ್ಲಿ ಬೈಕಿನ ಜೊತೆಗೇ ವಾಲಬೇಕು. ಹೆದರಿ ಎದುರು ದಿಕ್ಕಿಗೆ ಮೈ ಎತ್ತಿದರೆ ಬೈಕು ತಿರುವಿನಿಂದಾಚೆ ಹೋಗುತ್ತದೆ. ಹಿಂದಿನವರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ಬೇಕು. ಅದು ಕಾನೂನು.

ಇಬ್ಬರೂ ಎತ್ತರದ ಆಳುಗಳಾಗಿದ್ದರೆ, ಬೈಕು 125 ಸಿಸಿಗಿಂತ ಚಿಕ್ಕದಾಗಿದ್ದರೆ, ಅಥವಾ ಒಬ್ಬರಿಗೆ ಸೊಂಟ ನೋವಿನ ತಕರಾರಿದ್ದರೆ ಎರಡು ಬೈಕು. ಆಗ ನಿಧಾನದ ಬೈಕು ಮುಂದಿರಲಿ, ವೇಗ ಅದೇ ತೀರ್ಮಾನಿಸಲಿ. ಮುಂದಿನ ನಿಲುಗಡೆ ಎಲ್ಲಿ ಎಂದು ಪ್ರತಿ ಸಲ ಹೊರಡುವ ಮುಂಚೆ ಹೆಸರಿಟ್ಟು ಹೇಳಿಕೊಳ್ಳಿ, ‘ಮುಂದೆ ಸಿಗೋಣ’ ಎಂದರೆ ಸಾಲದು. ಘಾಟಿಯಲ್ಲಿ ನೆಟ್‌ವರ್ಕ್ ಹೋದರೆ ಫೋನಿನಲ್ಲಿ ಹುಡುಕುವುದು ಆಗದ ಮಾತು.

ಶುಕ್ರವಾರ ಸಂಜೆ ನೋಡಬೇಕಾದ್ದು

ಚೈನನ್ನು ಕೆಳಭಾಗದ ನಡುವೆ ಹಿಡಿದು ಮೇಲೆ ಕೆಳಗೆ ಆಡಿಸಿ. ಸಾಮಾನ್ಯ ಬೈಕುಗಳಲ್ಲಿ 25–30 ಮಿ.ಮೀ. ಆಟ ಸರಿ. ತೀರಾ ಬಿಗಿಯಿದ್ದರೆ ಇಬ್ಬರು ಕೂತಾಗ ಇನ್ನೂ ಬಿಗಿಯಾಗಿ ಬೇರಿಂಗ್ ತಿನ್ನುತ್ತದೆ, ಸಡಿಲವಿದ್ದರೆ ಘಾಟಿಯಲ್ಲಿ ಗೇರ್ ಇಳಿಸಿದಾಗ ಸ್ಪ್ರಾಕೆಟಿನಿಂದ ಕಳಚುತ್ತದೆ. ಬ್ರೇಕ್ ಪ್ಯಾಡ್ 2 ಮಿ.ಮೀ.ಗಿಂತ ತೆಳುವಾಗಿದ್ದರೆ ಬದಲಾಯಿಸಿ. ಬ್ರೇಕ್ ಆಯಿಲ್ ಹಾಕಿಸಿ ಎರಡು ವರ್ಷ ದಾಟಿದ್ದರೆ ಅದೂ ಹೊಸದಾಗಬೇಕು. ಯಾಕೆಂದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಇಳಿಜಾರಿನಲ್ಲಿ ಡಿಸ್ಕ್ ಕಾದಾಗ ಆ ನೀರು ಕುದಿದು ಆವಿಯಾಗಿ, ಲಿವರ್ ಇದ್ದಕ್ಕಿದ್ದಂತೆ ಮೆತ್ತಗಾಗಿ ಹ್ಯಾಂಡಲಿನವರೆಗೂ ಬಂದುಬಿಡುತ್ತದೆ. ಡ್ರಮ್ ಬ್ರೇಕಿನಲ್ಲಿ ಮೊದಲು ಸುಟ್ಟ ವಾಸನೆ, ಆಮೇಲೆ ಪೆಡಲ್ ಎಷ್ಟು ಒತ್ತಿದರೂ ನಿಲ್ಲದಿರುವುದು. ಹತ್ತುವಾಗ ಯಾವ ಗೇರ್ ಬೇಕಾಯಿತೋ ಅದೇ ಗೇರಿನಲ್ಲಿ ಇಳಿದರೆ ಇದು ಬರುವುದೇ ಇಲ್ಲ. ಬಂದರೆ ಎಂಜಿನ್ ಗೇರಿನಲ್ಲೇ ಇಟ್ಟು, ಬೆಟ್ಟದ ಕಡೆಯ ಅಂಚಿಗೆ ನಿಲ್ಲಿಸಿ, ಇಪ್ಪತ್ತು ನಿಮಿಷ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವ ಚಾಳಿ ಇರುವವರ ಕೈಗೆ ಘಾಟಿಯಲ್ಲಿ ಬೈಕು ಕೊಡಬೇಡಿ.

ಜೊತೆಗೆ ಇರಬೇಕಾದ್ದು: ಒಂದು ಕ್ಲಚ್ ಕೇಬಲ್, ಸ್ಪಾರ್ಕ್ ಪ್ಲಗ್ ಮತ್ತು ಅದರ ಸ್ಪ್ಯಾನರ್, ಟ್ಯೂಬ್‌ಲೆಸ್ ಟೈರಾದರೆ ಪಂಕ್ಚರ್ ಕಿಟ್ ಮತ್ತು ಪುಟ್ಟ ಪಂಪು, ಟ್ಯೂಬಿನ ಟೈರಾದರೆ ಒಂದು ಹೊಸ ಟ್ಯೂಬು. ಹಳ್ಳಿ ಪಂಕ್ಚರ್ ಅಂಗಡಿಯಲ್ಲಿ ಕೈಯಿರುತ್ತದೆ, ನಿಮ್ಮ ಅಳತೆಯ ಟ್ಯೂಬು ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೆ ಮೇಲಂಗಿ, ಪ್ಯಾಂಟು ಬೇರೆ ಬೇರೆ ಇರುವ ರೇನ್‌ಕೋಟು, ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ, ಇಂಬಳಕ್ಕೆ ಉಪ್ಪು ಅಥವಾ ನಶ್ಯ. ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ತಿರುಗಿ ಹೊಡೆಯುತ್ತದೆ, ಲೋ ಬೀಮಿನಲ್ಲಿ ಎಡ ಅಂಚಿನ ಬಿಳಿ ಗೆರೆ ಹಿಡಿದು ಹೋಗಿ. ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಗೇಟುಗಳ ಎದುರು ಟ್ರ್ಯಾಕ್ಟರ್ ತಂದುಹಾಕಿದ ಕೆಂಪು ಮಣ್ಣು ಇಬ್ಬನಿಗೆ ಜಾರುತ್ತದೆ, ಬೆಳಗಿನ ಸವಾರಿಯಲ್ಲಿ ಗೇಟು ಕಂಡ ಕೂಡಲೇ ವೇಗ ಇಳಿಸಿ.

ಇನ್ನೂ ಗೊಂದಲವಿದ್ದರೆ: ಮೊದಲ ಸಲ ಹೋಗುವವರು, ಮಳೆಗಾಲದಲ್ಲಿ ಹೋಗುವವರು ಸಕಲೇಶಪುರಕ್ಕೆ ಹೋಗಿ. ಗಿರಿಯ ಸರದಿ ಕೈಯಲ್ಲಿದ್ದು, ಅಕ್ಟೋಬರ್‌ನಿಂದ ಫೆಬ್ರುವರಿಯೊಳಗೆ ಹೊರಡುವವರಿಗೆ, ಒಂದಿಷ್ಟು ಘಾಟಿ ಗೊತ್ತಿರುವವರಿಗೆ ಚಿಕ್ಕಮಗಳೂರು. ತಲೆಗೆ ಎರಡು ಸಾವಿರದೊಳಗೆ ಎಲ್ಲ ಮುಗಿಯಬೇಕೆಂದರೆ ಮಾದಪ್ಪನ ಬೆಟ್ಟ. ಎಲೆಕ್ಟ್ರಾನಿಕ್ ಸಿಟಿಯ ಕಡೆಯವರಿಗೆ ಏರ್ಕಾಡು. ಸೋಮವಾರವೂ ರಜೆಯಿದ್ದರೆ ಮಾತ್ರ ಕೊಡಗು.

ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033ಕ್ಕೆ, ಉಳಿದ ಕಡೆ 112ಕ್ಕೆ ಕರೆ ಮಾಡಿ. ಎರಡನ್ನೂ ಫೋನಿನಲ್ಲಿ ಮಾತ್ರವಲ್ಲ, ಒಂದು ಚೀಟಿಯಲ್ಲಿ ಬರೆದು ಇಬ್ಬರ ಜೇಬಿನಲ್ಲೂ ಇಡಿ. ಚೀಟಿಯ ಹಿಂಬದಿಗೆ ಇಬ್ಬರ ರಕ್ತದ ಗುಂಪು ಮತ್ತು ಮನೆಯವರ ನಂಬರ್ ಬರೆಯಿರಿ.